ಮಿಂಚುಳ್ಳಿಯ ಎದುರು ಕೂತವನು

"ಮಾಷ್ಟ್ರೆ, ಕೆಮ್ಮ್ ಬಂದ್ರೆ ಎಷ್ಟ್ ಹೊತ್ತ್ ತಡ್ಕಂತ್ರಿ ನೀವ್?"

ಶಾಮರಾಯರು ಬಾಯಿ ತೆರೆಯುವ ಮೊದಲೇ ಅವರ ಎದೆ ಉತ್ತರ ಕೊಟ್ಟಿತು. ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೆಮ್ಮಿದರು, ನಿಲ್ಲಿಸಿದರು, ಮತ್ತೆ ಕೆಮ್ಮಿದರು. ಚಾವಡಿಯ ಮೂಲೆಯಲ್ಲಿ ಮಲಗಿದ್ದ ಬೆಕ್ಕು ಬೇಸರದಿಂದ ಎದ್ದು ಅಂಗಳಕ್ಕೆ ಇಳಿಯಿತು.

"ಅದೆಂತ ಪ್ರಶ್ನೆ ಕಮಲಾಕ್ಷ? ಕುಂದಾಪುರದಿಂದ ಹತ್ತ್ ಮೈಲಿ ಸೈಕಲ್ ತುಳ್ಕಂಡ್ ಬಂದದ್ದ್ ನನ್ನ್ ಕೆಮ್ಮ್ ಕೇಂಬುಕಾ?"

"ಹೌದ್," ಎಂದೆ.

ಸಾಲಿಗ್ರಾಮದ ಪಡುದಿಕ್ಕಿನ ಹೊಳೆಬೈಲಿಗೆ ಉಪ್ಪುನೀರು ನುಗ್ಗಿ ಅಂದಿಗೆ ಆರು ದಿನ. ಕಿಂಡಿ ಕಾಯುವ ಕುಷ್ಟ ಲಾಕಪ್ಪು ಸೇರಿ ಐದು ದಿನ. ಮರುದಿನ ಬೆಳಗಿನ, ಪೆಟ್ರೋಲಿನ ಬದಲು ಇದ್ದಲಿನಿಂದ ಓಡುವ ಇದ್ದಲು ಬಸ್ಸಿನಲ್ಲಿ ಅವನನ್ನು ಮಂಗಳೂರಿನ ಜೈಲಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಒಮ್ಮೆ ಆ ಬಸ್ಸು ಹತ್ತಿದವನನ್ನು ಇಳಿಸುವುದು ನನ್ನಂಥವನ ಕೈಲಾಗುವ ಮಾತಲ್ಲ.

ಹೊಳೆಯ ಉಪ್ಪುನೀರು ಗದ್ದೆಗೆ ಬಾರದಂತೆ ಅಲ್ಲೊಂದು ಉದ್ದನೆಯ ದಂಡೆ ಇದೆ. ದಂಡೆಯ ನಡುವೆ ಕಿಂಡಿ, ಕಿಂಡಿಗೆ ಹಲಗೆ. ಇಳಿತದಲ್ಲಿ ಹಲಗೆ ತೆಗೆದು ಒಳಗಿನ ಸಿಹಿನೀರು ಬಿಡಬೇಕು, ಭರತ ಏರುವ ಮೊದಲು ಮುಚ್ಚಬೇಕು. ಹುಣ್ಣಿಮೆಯ ಆ ಬೆಳಿಗ್ಗೆ ಭರತ ಏರುವಾಗಲೇ ಯಾರೋ ಎರಡು ಹಲಗೆ ಕಿತ್ತು ಬಿಸಾಡಿದ್ದರು. ಹದಿನೆಂಟು ಮನೆಯ ಸುಗ್ಗಿ ಬೆಳೆ, ತೆನೆ ಬಿಟ್ಟ ಭತ್ತ, ನಾಲ್ಕೇ ದಿನದಲ್ಲಿ ಬೆಂಕಿ ತಾಗಿದ ಹಾಗೆ ಕೆಂಪಾಗಿ ನಿಂತಿತು. ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸಿ ಬೆರಳು ಸವೆಸಿಕೊಳ್ಳುತ್ತಿರುವ ಈ ೧೯೪೬ನೇ ಇಸವಿಯಲ್ಲಿ ಊರಿಗೆ ಸಿಟ್ಟು ಬಂದದ್ದು ನ್ಯಾಯವೇ. ಆದರೆ ಸಿಟ್ಟಿಗೆ ಕಣ್ಣಿಲ್ಲ, ಹತ್ತಿರ ಸಿಕ್ಕಿದವನ ಕುತ್ತಿಗೆ ಹಿಡಿಯುತ್ತದೆ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಎಲ್ಲರೂ ಕುಷ್ಟನ ಮೇಲೆ ಬಿದ್ದರು.

ಕುಷ್ಟನ ಹೆಂಡತಿ ಬೆಳ್ಳಿ ಮೂರು ದಿನ ನನ್ನ ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತಿದ್ದಳು. ಮಾತಿಲ್ಲ, ಅಳುವಿಲ್ಲ, ಬರೀ ಕೂತದ್ದು. ಮದುಮಕ್ಕಳನ್ನು ಕಣ್ಣು ಮಿಟುಕಿಸದ ಹಾಗೆ ಕೂರಿಸಿ ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು, ಊರಿನ ಸುಳ್ಳುಗಳನ್ನು ಬೆಳಕಿಗೆ ಹಿಡಿದು ನೋಡುವುದು ನನ್ನ ಚಟ. ಆ ಚಟದ ಸುದ್ದಿ ಅವಳವರೆಗೂ ಹೋಗಿತ್ತು.

ನಾನು ಚೀಲದಿಂದ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಗಾಜಿನ ಪ್ಲೇಟುಗಳನ್ನು ತೆಗೆದು ಶಾಮರಾಯರ ತೊಡೆಯ ಮೇಲಿಟ್ಟೆ.

"ನಿಮ್ಮ ಪ್ಲೇಟು. ತೊಳ್ದ್ ತಂದಿದೆ."

ಅವರ ಮುಖ ಅರಳಿತು. ಇವರು ನನಗೆ ಚಿತ್ರ ಬರೆಯಲು ಕಲಿಸಿದ ಡ್ರಾಯಿಂಗ್ ಮಾಷ್ಟ್ರು. ಪಿಂಚಣಿ ಪಡೆದ ಮೇಲೆ ಕುಂಚ ಬಿಟ್ಟು ಕ್ಯಾಮೆರಾ ಹಿಡಿದವರು. ಹುಲಿ ಚಿರತೆಯೆಂದು ಕಾಡು ಅಲೆದವರಲ್ಲ. ಹಿತ್ತಿಲಿಗೆ ಬರುವ ಹಕ್ಕಿಗಳೇ ಸಾಕೆಂದು ಮನೆಯಿಂದ ಕೂಗಳತೆಯಲ್ಲೇ ಕೂತು ಫೋಟೋ ತೆಗೆದವರು. ಹೋದ ವರ್ಷ ಮದರಾಸಿನ ಒಂದು ಪ್ರದರ್ಶನದಲ್ಲಿ ಅವರ ಮಿಂಚುಳ್ಳಿಯ ಚಿತ್ರಕ್ಕೆ ಬೆಳ್ಳಿ ಪದಕ ಬಂದಿತ್ತು. ಅದಕ್ಕೆ ಗಾಜು ಹಾಕಿಸಿ ಚಾವಡಿಯ ಗೋಡೆಗೆ ತೂಗುಹಾಕಿದ್ದರು. ಬಂದವರು ನೋಡದಿದ್ದರೆ ತಾವೇ ತೋರಿಸುತ್ತಿದ್ದರು.

ಪ್ಲೇಟು ತೊಳೆಯುವ ಔಷಧ ಮುಗಿದಿದೆ, ನೀನೇ ತೊಳೆದು ಕೊಡು ಎಂದು ಈ ನಾಲ್ಕನ್ನೂ ಅವರೇ ನನಗೆ ಕಳಿಸಿದ್ದರು. ಒಳಗೆ ಏನಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಅಂದು ಬೆಳಗಿನವರೆಗೆ ನನಗೂ ಗೊತ್ತಿರಲಿಲ್ಲ.

"ಅಡ್ಡಿಲ್ಲೆ," ಎಂದರು ಮೊದಲನೆಯದನ್ನು ಬಾಗಿಲ ಬೆಳಕಿಗೆ ಹಿಡಿದು. "ಲಾಯ್ಕ್ ಬಂದಿತ್ ಕಾಣ್. ಕೊಕ್ಕಿನ ಗೆರೆ ಕಾಣ್."

"ಹುಣ್ಣಿಮೆ ದಿನ ಬೆಳಿಗ್ಗೆ ತೆಗ್ದದ್ದ್ ಅಲ್ದಾ?"

"ಹೌದ್."

"ಯಾರ್ ತೆಗ್ದದ್ದ್?"

ಅವರು ಪ್ಲೇಟನ್ನು ಕೆಳಗಿಳಿಸಿದರು. "ಮತ್ಯಾರ್? ನಾನೇ."

"ಹಾಂಗಾರೆ ಹಕ್ಕಿ ಬೇಡ ಮಾಷ್ಟ್ರೆ. ಹಕ್ಕಿ ಕೂತ ಬಿದಿರಿನ ಗಳು ಕಾಣಿ."

ಮಿಂಚುಳ್ಳಿ ಬಂದು ಕೂರಲೆಂದು ಅವರು ತೋಡಿನಲ್ಲಿ ನೆಟ್ಟಿದ್ದ ಗಳು ಅದು. ಮೊದಲನೆಯ ಪ್ಲೇಟಿನಲ್ಲಿ ನೀರಿನ ಮೇಲೆ ಗಳುವಿನ ನಾಲ್ಕು ಗಂಟು ಕಾಣುತ್ತಿದ್ದವು. ಎರಡನೆಯದರಲ್ಲೂ ನಾಲ್ಕು. ಮೂರನೆಯದರಲ್ಲಿ ಮೂರು. ನಾಲ್ಕನೆಯದರಲ್ಲಿ ಎರಡೇ. ಆ ತೋಡು ದಂಡೆಯ ಒಳಗಿನದು. ಕಿಂಡಿಯ ಹಲಗೆ ಇದ್ದರೆ ಅಲ್ಲಿ ನೀರು ಏರುವ ಪ್ರಶ್ನೆಯೇ ಇಲ್ಲ.

"ನೀವು ಗೂಡಿನಲ್ಲಿ ಕೂತು ಎರಡನೇ ಪ್ಲೇಟು ಹಿಡಿದ ಮೇಲೆ ಅತ್ತ ಯಾರೋ ಹಲಗೆ ಕಿತ್ತಿದ್ದಾರೆ. ಅಂದರೆ ಈ ಫೋಟೋ ತೆಗೆದವನು ಹಲಗೆ ಕಿತ್ತವನಲ್ಲ. ಇಷ್ಟು ನಿಮಗೆ ಒಪ್ಪಿಗೆಯೋ?"

"ಒಪ್ಪದೆ ಎಂತ? ನಾ ಕಿತ್ತೆ ಅಂತ ಯಾರ್ ಹೇಳ್ರ್?"

"ಯಾರೂ ಹೇಳಲಿಲ್ಲ," ಎಂದೆ.

ಇಲ್ಲಿ ಗೂಡಿನ ವಿಚಾರ ಬಿಡಿಸಿ ಹೇಳಬೇಕು, ಇಲ್ಲವಾದರೆ ಓದುಗರಿಗೂ ಪೊಲೀಸರಿಗಾದ ಗೊಂದಲವೇ ಆದೀತು. ಶಾಮರಾಯರ ಹಿತ್ತಿಲು ಮುಗಿಯುವಲ್ಲಿ ಆ ತೋಡು. ತೋಡಿನ ಬದಿಯ ಮಣ್ಣಿನ ದರೆಯಲ್ಲಿ ಮಿಂಚುಳ್ಳಿ ಬಿಲ ಕೊರೆದು ಮರಿ ಮಾಡಿತ್ತು. ಎದುರಿಗೆ ಆರಡಿ ದೂರದಲ್ಲಿ ತೆಂಗಿನ ಮಡಲು ಹೆಣೆದು ಕಟ್ಟಿದ, ಒಬ್ಬ ಕೂರುವಷ್ಟು ಮರೆ. ಅದೇ ಗೂಡು. ಒಬ್ಬನೇ ಹೋಗಿ ಒಳಗೆ ಕೂತರೆ ಹಕ್ಕಿ ಸುತಾರಾಂ ಹತ್ತಿರ ಬಾರದು. ಇಬ್ಬರು ಹೋಗಬೇಕು. ಒಬ್ಬ ಒಳಗೆ ಕೂರಬೇಕು, ಇನ್ನೊಬ್ಬ ಎದ್ದು ಕಾಣುವ ಹಾಗೆ ಕೈ ಬೀಸಿಕೊಂಡು ದಂಡೆಯ ಮೇಲೆ ನಡೆದು ಹೋಗಬೇಕು. ಮನುಷ್ಯ ತೊಲಗಿದ ಎಂದು ಹಕ್ಕಿ ಮೀನು ಕಚ್ಚಿಕೊಂಡು ಬರುತ್ತದೆ. ಎರಡರಲ್ಲಿ ಒಂದು ಕಳೆದರೆ ಎಷ್ಟು ಉಳಿಯಿತು ಎಂಬ ಲೆಕ್ಕ ಅದಕ್ಕೆ ಬಾರದು.

ಎರಡು ವರ್ಷದಿಂದ ಊರು ನೋಡಿದ್ದು ಒಂದೇ ಕ್ರಮ. ಕೂರುವವರು ಶಾಮರಾಯರು. ತಲೆಗೆ ಅಡಿಕೆ ಹಾಳೆಯ ಟೊಪ್ಪಿ, ಅಂದರೆ ಮುಟ್ಟಾಳೆ, ಇಟ್ಟುಕೊಂಡು ನಡೆಯುವವನು ಕುಷ್ಟ. ಹುಣ್ಣಿಮೆಯ ಬೆಳಿಗ್ಗೆ ಗದ್ದೆಯಲ್ಲಿ ಗಿಳಿ ಓಡಿಸುತ್ತಿದ್ದ ಶೇಖರ ಶೆಟ್ಟಿ ದೂರದಿಂದ ಕಂಡದ್ದೂ ಅದೇ. ಮುಟ್ಟಾಳೆಯವ ಗೂಡಿನಿಂದ ಹೊರಟ, ದಂಡೆಯ ಮೇಲೆ ನಡೆದ, ಕಿಂಡಿಯ ಹತ್ತಿರ ಸ್ವಲ್ಪ ಹೊತ್ತು ನಿಂತ. ಆಮೇಲೆ ನೀರು ಬಂತು. ಶೇಖರ ಸುಳ್ಳುಗಾರನಲ್ಲ. ಅವನ ಪೈರೂ ಹೋಗಿದೆ, ಕಂಡದ್ದನ್ನೇ ಹೇಳಿದ್ದಾನೆ. ಆದರೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಒಳಗಿನಿಂದ ಶಾಮರಾಯರ ತಂಗಿ ಗೋದಾವರಮ್ಮ ಕಷಾಯದ ಲೋಟ ಹಿಡಿದು ಬಂದರು. ಗಂಡ ತೀರಿದ ಮೇಲೆ ಅಣ್ಣನ ಮನೆಯನ್ನು ನಡೆಸುತ್ತಿರುವವರು ಅವರೇ.

"ಗೋದಾವರಕ್ಕ, ಮಾಷ್ಟ್ರಿಗೆ ಈ ಕೆಮ್ಮ್ ಯಾವತ್ತಿಂದ?"

"ಹುಣ್ಣಿಮಿಗಿಂತ ಎರಡ್ ದಿನ ಮುಂಚೆಯಿಂದ. ನಾಲ್ಕ್ ಮನಿಗೆ ಕೇಂತಿತ್."

ಶಾಮರಾಯರು ಲೋಟ ತೆಗೆದುಕೊಳ್ಳಲಿಲ್ಲ.

"ಮಾಷ್ಟ್ರೆ," ಎಂದೆ. "ಎಲೆ ಅಲುಗಿದರೆ ಹಾರಿಹೋಗುವ ಹಕ್ಕಿ ಅದು. ಆರಡಿ ದೂರದಲ್ಲಿ ನೀವು ಕೆಮ್ಮುತ್ತಾ ಕೂತಿರಿ, ಅದು ನಾಲ್ಕು ಸಲ ಬಂದು ಕೂತಿತು ಎಂದು ನನ್ನನ್ನು ನಂಬಿಸಬೇಡಿ. ಅವತ್ತು ಒಳಗೆ ಕೂತದ್ದು ಕುಷ್ಟ. ಮುಟ್ಟಾಳೆ ಇಟ್ಟು ಹೊರಗೆ ನಡೆದದ್ದು ನೀವು."

"ಬಾಯಿಗ್ ಬಂದ್ಹಾಂಗ್ ಮಾತಾಡಬೇಡ." ಅವರ ಕಿವಿ ಕೆಂಪಾಯಿತು. "ನಾನ್ ಆ ಹಾಳಿ ಟೊಪ್ಪಿ ತಲಿಗಿಡೂದಾ? ಕೇಂಡವ್ರ್ ನೆಗಾಡ್ತ್ರ್."

"ನಗಲಿ. ನಾಳೆ ಬೆಳಿಗ್ಗೆ ಕುಷ್ಟ ಬಸ್ಸಿನಲ್ಲಿರ್ತಾನೆ."

"ಅವ ಕ್ಯಾಮೆರಾ ಹಿಡೂದಾ? ಕಿಂಡಿ ಕಾವವ ಹಿಡ್ದದ್ದ್ ಅಂದ್ರೆ ಪೊಲೀಸ್ರ್ ನಂಬ್ತ್ರಾ?"

"ಪೊಲೀಸರು ನಂಬದಿರುವುದು ಬೇರೆ, ನೀವು ಹೇಳದಿರುವುದು ಬೇರೆ."

ಅವರು ಗೋಡೆಯತ್ತ ನೋಡಿದರು. ಅಲ್ಲಿ ಗಾಜಿನೊಳಗೆ ಪದಕ. ಪಕ್ಕದಲ್ಲಿ ಆ ಚಿತ್ರ, ಮೀನನ್ನು ಗಾಳಿಗೆ ಎಸೆದು ಮತ್ತೆ ಹಿಡಿಯುವ ಕ್ಷಣದ ಮಿಂಚುಳ್ಳಿ. ಆ ಚಿತ್ರವನ್ನು ನಾನು ಹತ್ತು ಸಲ ನೋಡಿದ್ದೆ, ಹತ್ತು ಸಲವೂ ಹೊಟ್ಟೆಕಿಚ್ಚು ಪಟ್ಟಿದ್ದೆ. ಶಾಮರಾಯರ ಬೇರೆ ಚಿತ್ರಗಳಲ್ಲಿ ಹಕ್ಕಿ ಸ್ಟುಡಿಯೋಕ್ಕೆ ಬಂದವರ ಹಾಗೆ ಕೂತಿರುತ್ತದೆ. ಇದೊಂದು ಮಾತ್ರ ಬೇರೆ ಕೈಯದು ಎಂದು ನನಗೆ ಆಗಲೇ ಹೊಳೆಯಬೇಕಿತ್ತು.

ಗೋದಾವರಮ್ಮ ಲೋಟವನ್ನು ಅಣ್ಣನ ಕುರ್ಚಿಯ ಕೈ ಮೇಲೆ ಇಟ್ಟರು.

"ಹೇಳಿ ಬಿಡ್ ಅಣ್ಣ. ಐದ್ ದಿನದಿಂದ ನಿಂಗೆ ಊಟ ಸೇರ್ತಿಲ್ಲೆ, ನಿದ್ರಿ ಬತ್ತಿಲ್ಲೆ. ನಂಗೆ ಕಾಂತಿಲ್ಯಾ? ಆ ಪದಕ ಇಟ್ಕಂಡ್ ನೀ ಎಂತ ಮಾಡ್ತೆ? ಅವಂಗೆ ಎರಡ್ ಮಕ್ಕಳ್."

ಶಾಮರಾಯರು ಲೋಟವನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಹೇಳಿದರು, ಮಗ್ಗಿ ಮರೆತು ನಿಂತ ಹುಡುಗನ ಸ್ವರದಲ್ಲಿ.

"ಪದಕದ್ದೂ ಅವಂದೇ, ಕಮಲಾಕ್ಷ. ನಾ ಕಲ್ಸದ್ದ್ ಬರೀ ಗುಂಡಿ ಒತ್ತೂದ್. ಯಾವಾಗ ಒತ್ತೂದ್ ಅಂಬುದ್ ಅವಂಗೆ ಹುಟ್ಟಾ ಗೊತ್ತ್. ಯಾರಿಗೂ ಹೇಳಬೇಡ ಅಂತ ನಾ ಹೇಳಿದ್ದೆ. ಅವ ಲಾಕಪ್ಪಿನೊಳ್ಗೂ ಹೇಳಲಿಲ್ಲೆ ಕಾಣ್."

ಅವರ ಕಣ್ಣಲ್ಲಿ ನೀರು ಬಂತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮಾಷ್ಟ್ರು ಕೊನೆಗೂ ನಾನು ತಿಳಿದಿದ್ದ ಮಾಷ್ಟ್ರೇ ಆದರಲ್ಲ ಎಂದು ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ಸಂತೋಷದಲ್ಲಿ ಕೇಳಬೇಕಾದ ಒಂದು ಪ್ರಶ್ನೆಯನ್ನು ಮರೆತೆ. ಪತ್ತೇದಾರಿಕೆಯಲ್ಲಿ ಸಂತೋಷಪಡುವುದು ಒಳ್ಳೆಯದಲ್ಲ.

ಮಧ್ಯಾಹ್ನ ಮೂರರ ಹೊತ್ತಿಗೆ ನಾವಿಬ್ಬರೂ ಠಾಣೆಯಲ್ಲಿದ್ದೆವು. ಸಬ್ ಇನ್ಸ್‌ಪೆಕ್ಟರು ಬಳ್ಳಾರಿಯ ಕಡೆಯವರು, ಭರತ ಇಳಿತ ಎಂದರೆ ಅವರಿಗೆ ಸಂಗೀತದ ವಿಷಯ. ಶಾಮರಾಯರು ನಿಂತೇ ಎಲ್ಲವನ್ನೂ ಹೇಳಿದರು. ಮುಟ್ಟಾಳೆ ಇಟ್ಟದ್ದನ್ನೂ ಹೇಳಿದರು. ಒಬ್ಬ ಪೇದೆ ನಕ್ಕ. ಮಾಷ್ಟ್ರು ನಿಲ್ಲಿಸದೆ ಮುಂದುವರಿಸಿದರು.

"ಹೊರಗೆ ನಡೆವವನ ತಲೆ ಮೇಲೆ ಮುಟ್ಟಾಳೆ ಇರೂದ್ ಹಕ್ಕಿಗೆ ರೂಢಿ. ಬೋಳುತಲೆ ಕಂಡ್ರೆ ಹೆದರ್ತಿತ್ತ್. ಅದಕ್ಕೇ ಇಟ್ಕಂಡದ್ದ್."

ಸಬ್ ಇನ್ಸ್‌ಪೆಕ್ಟರು ಮೇಜು ಬೆರಳಿನಿಂದ ಬಡಿದರು. "ರಾಯರೇ, ಕೂಲಿಯವನನ್ನು ಉಳಿಸಲು ನೀವು ಕಥೆ ಕಟ್ಟುತ್ತಿಲ್ಲ ಎನ್ನುವುದಕ್ಕೆ ಏನು ಸಾಕ್ಷಿ?"

"ಅವನನ್ನೇ ಕೇಳಿ," ಎಂದೆ ನಾನು. "ಈ ಪ್ಲೇಟುಗಳನ್ನು ತೊಳೆದವನು ನಾನು, ಇವತ್ತು ಬೆಳಿಗ್ಗೆ. ಕುಷ್ಟ ಐದು ದಿನದಿಂದ ನಿಮ್ಮ ಬೀಗದೊಳಗೆ ಇದ್ದಾನೆ. ಪ್ಲೇಟಿನಲ್ಲಿ ಏನಿದೆಯೆಂದು ಅವನು ಹೇಳಲಿ."

ಕುಷ್ಟನನ್ನು ಕರೆತಂದರು. ಗಡ್ಡ ಬೆಳೆದಿತ್ತು, ತುಟಿ ಒಡೆದಿತ್ತು. ಅವನು ಮೊದಲು ನೋಡಿದ್ದು ಶಾಮರಾಯರನ್ನು.

"ಹೇಳ್ ಕುಷ್ಟ," ಎಂದರು ಅವರು. "ನಾನೇ ಎಲ್ಲ ಹೇಳಿ ಆಯ್ತ್."

ಅವನು ನೆಲ ನೋಡಿಕೊಂಡು ಹೇಳತೊಡಗಿದ. "ನಾಲ್ಕ್ ತೆಗ್ದದ್ದ್ ಒಡೆಯಾ. ಸುರುವಿಗೆ ಹಕ್ಕಿ ಬರೀ ಬಾಯಂಗ್ ಬಂದ್ ಕೂತ್ಕಂತ್. ಎರಡ್ನೇದ್ರಂಗೆ ಮೀನ್ ಇತ್ತ್, ಮೀನಿನ ತಲಿ ಹೊರ್ಗ್. ತಾ ತಿಂಬುದಾರೆ ತಲಿ ಒಳ್ಗ್ ಮಾಡ್ಕಂತ್, ಮರಿಗೆ ಕೊಡುದಾರೆ ಹೊರ್ಗ್. ಮೂರ್ನೇದ್ ಹಾಳಾಯಿಕ್, ಗುಂಡಿ ಒತ್ತುವಾಗ ರೆಕ್ಕಿ ಬಿಚ್ಚಿತ್. ನಾಲ್ಕ್ನೇದ್ರಂಗೆ ಅದ್ ಕೆಳ್ಗ್ ನೀರ್ ಕಾಂತಿತ್. ನಾನೂ ಆಗ್ಳೇ ಕಂಡದ್ದ್, ನೀರ್ ಏರ್ತಾ ಇತ್ತ್ ಅಂತ. ಕ್ಯಾಮೆರಾ ಬಿಟ್ಟ್ ಓಡ್ದೆ. ಹಲ್ಗಿ ಹಾಕೂಕ್ ಕಾಂತಿದ್ದೆ, ಅಷ್ಟೊತ್ತಿಗೆ ಜನ ಬಂದ್ ಹಿಡ್ದ್ರ್."

ಸಬ್ ಇನ್ಸ್‌ಪೆಕ್ಟರು ಪ್ಲೇಟುಗಳನ್ನು ಒಂದೊಂದಾಗಿ ಕಿಟಕಿಗೆ ಹಿಡಿದರು. ಬರೀ ಕೊಕ್ಕು. ತಲೆ ಹೊರಗಿದ್ದ ಮೀನು. ಮಸುಕಾದ ರೆಕ್ಕೆ. ಬಗ್ಗಿ ನೀರು ನೋಡುವ ಹಕ್ಕಿ. ಗಳುವಿನ ಗಂಟುಗಳನ್ನು ಎರಡೆರಡು ಸಲ ಎಣಿಸಿದರು. ನಕ್ಕಿದ್ದ ಪೇದೆ ಈಗ ಅವರ ಹೆಗಲ ಮೇಲಿಂದ ಇಣುಕುತ್ತಿದ್ದ.

"ಜಾಮೀನಿಗೆ ಯಾರು ಸಹಿ ಹಾಕುತ್ತೀರಿ?" ಎಂದು ಕೇಳಿದರು ಕೊನೆಗೆ.

"ನಾನು," ಎಂದೆ. ಮದುವೆಯ ದಿನ ಕೂಡ ಇಷ್ಟು ಸಂತೋಷದಿಂದ ನಾನು ಎಲ್ಲೂ ಸಹಿ ಹಾಕಿದವನಲ್ಲ.

ಸುದ್ದಿ ತಿಳಿದು ಶೇಖರ ಶೆಟ್ಟಿಯೂ ಬಂದಿದ್ದ. ಕುಷ್ಟನ ಎದುರು ನಿಂತು ಏನು ಹೇಳಬೇಕೆಂದು ತಿಳಿಯದೆ ಹೆಗಲ ಮೇಲಿನ ಬೈರಾಸು ತೆಗೆದು ಕೊಡವಿದ.

"ನಾ ಮುಟ್ಟಾಳಿ ಕಂಡದ್ದ್ ಮಾರಾಯ. ಅಡಿಗಿಪ್ಪ ತಲಿ ಕಂಡದ್ದಲ್ಲ. ತಪ್ಪಾಯ್ತ್."

"ಅಡ್ಡಿಲ್ಲೆ ಶೆಟ್ರೆ," ಎಂದ ಕುಷ್ಟ. ಅಷ್ಟೇ ಹೇಳಿದ. ಅಷ್ಟು ಸಾಕಿತ್ತು.

ಠಾಣೆಯ ಮೆಟ್ಟಿಲ ಮೇಲೆ ಬೆಳ್ಳಿ ಕಾದಿದ್ದಳು. ಗಂಡನನ್ನು ಕಂಡರೂ ಅವನ ಹತ್ತಿರ ಹೋಗಲಿಲ್ಲ. ನೇರವಾಗಿ ಶಾಮರಾಯರ ಕಾಲಿಗೆ ಬಿದ್ದಳು. ಮೂರು ದಿನ ನನ್ನ ಮೆಟ್ಟಿಲ ಮೇಲೆ ಬಾಯಿ ಬಿಡದೆ ಕೂತಿದ್ದ ಹೆಂಗಸು ಆಗ ಎಲ್ಲರೂ ತಿರುಗಿ ನೋಡುವ ಹಾಗೆ ಅತ್ತಳು.

"ನೀವ್ ಹೇಳದಿದ್ರೆ ನಾ ಮಕ್ಕಳ್ ಕಟ್ಕಂಡ್ ಹೊಳಿಗ್ ಹಾರ್ಕಿದ್ದಿತ್ ಒಡೆಯಾ. ನಿಮ್ಮ್ ಹೊಟ್ಟಿ ತಣ್ಣಗಿರ್ಲಿ."

ಶಾಮರಾಯರು ಬೆಚ್ಚಿ ಕಾಲು ಹಿಂದೆ ಎಳೆದುಕೊಂಡರು. ಮೈಲಿಗೆಯ ಅಭ್ಯಾಸ ಒಂದೇ ದಿನಕ್ಕೆ ಬಿಡುವುದಿಲ್ಲ ಎಂದುಕೊಂಡು ನಾನು ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಗಂಡ ಹೆಂಡತಿ ರಸ್ತೆಯ ಧೂಳಿನಲ್ಲಿ ಒಬ್ಬರ ಹಿಂದೊಬ್ಬರು ನಡೆದು ಹೋಗುವುದನ್ನು ತಿರುವಿನವರೆಗೂ ನೋಡಿದೆ. ನಾಳೆಯ ಇದ್ದಲು ಬಸ್ಸಿನಲ್ಲಿ ಒಂದು ಸೀಟು ಖಾಲಿ. ಹಲಗೆ ಕಿತ್ತವರು ಯಾರೋ, ಅದನ್ನು ಇನ್ನು ನಿಧಾನವಾಗಿ ಹುಡುಕಿದರಾಯಿತು. ಕುಷ್ಟ ಮನೆ ಸೇರುತ್ತಿದ್ದಾನೆ, ಆ ಹೊತ್ತಿಗೆ ನನಗೆ ಬೇಕಾದದ್ದು ಅಷ್ಟೇ.

ನಾವು ಹತ್ತಿರದ ಭಟ್ಟರ ಹೋಟೆಲಿಗೆ ಹೋಗಿ ಕೂತೆವು. ನನಗೆ ವಿಪರೀತ ಹಸಿವು. ಎರಡು ಪ್ಲೇಟು ಅವಲಕ್ಕಿಗೆ ಹೇಳಿದೆ. ಒಂದನ್ನು ಮುಗಿಸುವಾಗ ಗಮನಿಸಿದೆ, ಮಾಷ್ಟ್ರ ಪ್ಲೇಟಿನಲ್ಲಿ ಒಂದು ಕಾಳೂ ಅಲುಗಿರಲಿಲ್ಲ.

"ಎಂತ ಮಾಷ್ಟ್ರೆ? ಪದಕದ ಚಿಂತೆಯಾ?"

"ಅಲ್ಲ." ಅವರು ಕಾಫಿ ಲೋಟವನ್ನು ಒಂದು ಸುತ್ತು ತಿರುಗಿಸಿದರು. "ನಾ ಕಿಂಡಿ ಹತ್ರ ನಿಂತದ್ದ್ ಎಂತಕ್ಕೆ ಅಂತ ನೀನೂ ಕೇಣಲಿಲ್ಲೆ, ಪೊಲೀಸ್ರೂ ಕೇಣಲಿಲ್ಲೆ."

ನನ್ನ ಕೈಯ ಅವಲಕ್ಕಿ ಕೈಯಲ್ಲೇ ಉಳಿಯಿತು. ಮರೆತ ಪ್ರಶ್ನೆ ಅದೇ.

"ಅಲ್ಲಿ ಕೆಳ್ಗೆ, ಕಾಂಡ್ಲ ಗಿಡದ ಮರೆಯಂಗೆ ಒಬ್ಳ್ ಹೆಂಗ್ಸ್ ಇದ್ದಿತ್. ಸೊಂಟದವರಿಗೆ ನೀರ್. ಕೈಯಂಗೆ ಹಲ್ಗಿ ಹಿಡ್ಕಂಡ್ ಎಳೀತಾ ಇದ್ದಿತ್. ನಾ ಮೇಲ್ ನಿಂತದ್ದ್ ಗೊತ್ತಾಯಿ ಅರ್ಧ ತಲಿ ಎತ್ತಿತ್. ಅದ್ಕೆ ಕಂಡದ್ದ್ ಮುಟ್ಟಾಳಿ ಮಾತ್ರ, ನಂಗೆ ಅದರ ಮುಖ ಕಂಡಿಲ್ಲೆ. ಭರತವೋ ಇಳಿತವೋ, ನಂಗೆಂತ ಗೊತ್ತ್? ಕುಷ್ಟನೇ ಹೇಳಿ ಮಾಡ್ಸೂ ಕೆಲ್ಸ ಅಂದ್ಕಂಡೆ. ಮಾತಾಡ್ರೆ ಟೊಪ್ಪಿ ಅಡಿಗಿಪ್ಪುದ್ ನಾನ್ ಅಂತ ಗೊತ್ತಾತ್ ಅಂತ ಸುಮ್ನೆ ಮನಿಗ್ ಬಂದೆ."

"ಅವಳು ಏನಾದರೂ ಹೇಳಿದಳೋ?"

"ಹೇಳ್ತ್. 'ಎಂತ, ನೀವ್ ಇನ್ನೂ ಗೂಡಿಗೆ ಹೋಯಿಲ್ಯಾ? ಬೇಗ ಹೋಯಿ ಕೂಕಣಿ' ಅಂತ."

ಮುಟ್ಟಾಳೆ ಇಟ್ಟವನು ಕುಷ್ಟನೇ ಎಂದು ತಿಳಿದು ಅವಳು ಆಡಿದ ಮಾತು ಅದು. ಅಂದು ಗೂಡಿನಲ್ಲಿ ಕುಷ್ಟ ಕೂರುವುದು ಅವಳಿಗೆ ಮೊದಲೇ ಗೊತ್ತಿತ್ತು.

"ಮಾಷ್ಟ್ರೆ, ಅವತ್ತು ನೀವು ಬೇಡ, ನಾನು ಕೂರುತ್ತೇನೆ ಎಂದವರು ಯಾರು?"

"ಕುಷ್ಟ. ಹಿಂದಿನ ದಿನ್ವೇ ಹೇಳಿದ್ದ."

ಯಾತಕ್ಕೆಂದು ತಿಳಿಯದು, ಆದರೆ ಹಲಗೆ ಕೀಳಿಸುವ ಹೊತ್ತಿಗೆ ತಾನು ಗೂಡಿನಲ್ಲಿದ್ದೆ ಎನ್ನಲು ಅವನು ಮಾಷ್ಟ್ರನ್ನೇ ಸಾಕ್ಷಿ ಮಾಡಿಕೊಂಡಿದ್ದ. ಜಾಮೀನಿನ ಕಾಗದದಲ್ಲಿ ನನ್ನ ಸಹಿಯ ಶಾಯಿ ಇನ್ನೂ ಒಣಗಿರಲಿಕ್ಕಿಲ್ಲ.

"ಆ ಸ್ವರ ಯಾರದ್ದು?"

"ಆವತ್ತ್ ಗೊತ್ತಾಯಿಲ್ಲೆ," ಎಂದರು ಶಾಮರಾಯರು. "ಇವತ್ತ್ ಮೆಟ್ಲ್ ಮೇಲೆ ನನ್ನ್ ಕಾಲ್ ಹಿಡ್ದ್ ಮರ್ಕಿತಲ್ಲ, ಆಗ ಗೊತ್ತಾಯ್ತ್."